ಎರಡನೆಯ ಚಲುವಿಯ ಬಾಳಕ

ನಮ್ಮೂರಿನಲ್ಲಿ ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ ನಾನು ಸಿಗುವುದಿಲ್ಲ. ಹಾಗಂತ ನಾನು ಎಲ್ಲಿಗೂ ಹೋಗಿರುವುದಿಲ್ಲ. ಮಧ್ಯಾಹ್ನ ಹುಳಿಯ ಕೊಪ್ಪರಿಗೆಯ ಮುಚ್ಚಳ ತೆಗೆದ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕೈಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಎಲೆಯ ಮುಂದೆ ಹಾಜರಾಗಿರುತ್ತೇನೆ. ಆದರೆ ಬಂದವರು ನನ್ನವರೆಗೆ ತಲುಪುವ ಮೊದಲೇ ಚಲುವಿ ಸಿಕ್ಕಳೆಂದು ನಿಂತುಬಿಡುತ್ತಾರೆ. ಅವರಿಗೆ ಸಿಗುವ ಚಲುವಿಯೂ ನಾನೇ ಆದ್ದರಿಂದ ಅವರು ಸುಳ್ಳು ಹೇಳಿದರೆಂದು ಬೈಯುವ ಹಾಗೂ ಇಲ್ಲ.

ಊರಿಗೆ ಇರುವುದು ಒಂದೇ ಬೀದಿ. ಬೀದಿಯ ತಲೆಯಲ್ಲಿ ಅಡುಗೆಮನೆ, ಬಾಲದಲ್ಲಿ ಕೆರೆಯ ಏರಿ. ಮಧ್ಯಾಹ್ನದ ಊಟಕ್ಕೆ ಇಡೀ ಊರು ಒಂದೇ ಸಾಲಿನಲ್ಲಿ, ಮನೆಗಳಿಗೆ ಬೆನ್ನು ಹಾಕಿ ಕೂರುತ್ತದೆ. ಯಾರ ಜಾಗ ಯಾರಿಗೆ ಎಂಬುದು ಅಜ್ಜಂದಿರ ಕಾಲದಿಂದ ಗೊತ್ತಾಗಿದೆ. ಒಬ್ಬರನ್ನು ಹುಡುಕಬೇಕಾದರೆ ಅಡುಗೆಮನೆಯ ಕಡೆಯಿಂದ ಶುರುಮಾಡಿ, ಒಂದೊಂದೇ ಮುಖ ನೋಡುತ್ತಾ ಬರಬೇಕು. ಸಿಕ್ಕ ಕೂಡಲೇ ನಿಲ್ಲಬೇಕು. ಸಿಕ್ಕ ಮೇಲೂ ಮುಂದಕ್ಕೆ ಹೋಗುವವರನ್ನು ನಮ್ಮೂರಿನಲ್ಲಿ ಬುದ್ಧಿಗೆಟ್ಟವರೆಂದು ತಿಳಿಯುತ್ತಾರೆ. ಸಿಕ್ಕಿದ್ದನ್ನು ಮತ್ತೆ ಹುಡುಕುವುದು ಯಾತಕ್ಕೆ?

ಆಗಾಗ ಒಬ್ಬರು ಸಾಲಿನಲ್ಲಿ ಎರಡು ಕಡೆ ಕಾಣಿಸಿಕೊಳ್ಳುವುದುಂಟು. ನನಗೆ ಹಾಗಾದ ದಿನ ನಾನು ಅನ್ನಕ್ಕೆ ಗುಂಡಿ ಮಾಡಿಕೊಂಡು ಹುಳಿಗೆ ಕಾಯುತ್ತಿದ್ದೆ. ತಲೆ ಎತ್ತಿದರೆ ಅಕ್ಕಪಕ್ಕದಲ್ಲಿ ಬೇರೆ ಜನ. ಬೆನ್ನ ಹಿಂದೆ ನಮ್ಮ ಮನೆಯ ನೀಲಿ ಬಾಗಿಲಿನ ಬದಲು ಏರಿಯ ಕಲ್ಲು. ದೂರದಲ್ಲಿ, ನನ್ನ ಮಾಮೂಲಿ ಜಾಗದಲ್ಲಿ, ನನ್ನದೇ ಹಸಿರು ಸೀರೆ ಉಟ್ಟುಕೊಂಡು ನಾನೇ ಕೂತು ಹುಳಿ ಹಾಕಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಾಲಿನ ಯಜಮಾನ ಮೊಗಣ್ಣ ಬಂದ. ದಿನವೂ ಊಟದ ಹೊತ್ತಿಗೆ ತಲೆಯಿಂದ ಬಾಲದವರೆಗೆ ನಡೆದು, ನೋಡಿದ ಮುಖ ಮತ್ತೆ ಬಂತೇ ಎಂದು ಪರೀಕ್ಷೆ ಮಾಡುವುದು ಅವನ ಕೆಲಸ. ನನ್ನ ಮುಂದೆ ನಿಂತು, ಕಣ್ಣು ಮುಚ್ಚಿ, ತೆರೆದು, "ಬಂದಾಗೈತೆ" ಅಂದ. ಬಡಿಸುವ ಬೆಟ್ಟಣ್ಣ ಬಗ್ಗಿ, ಅನ್ನ ಚೆಲ್ಲದ ಹಾಗೆ ನನ್ನ ಎಲೆಯನ್ನು ತಿರುಗಿಸಿದ. ಎಡಗಡೆ ಇರಬೇಕಾದ ಎಲೆಯ ತುದಿ ಬಲಗಡೆಗೆ ಬಂತು. ಅಲ್ಲಿಗೆ ನಾನು ಎರಡನೆಯವಳಾದೆ.

ಎರಡನೆಯವರ ಬದುಕು ಹೇಗೆಂದು ಕೇಳಿದರೆ, ಊಟಕ್ಕೇನೂ ಕಮ್ಮಿ ಇಲ್ಲ. ಬಡಿಸುವವನು ಯಾರನ್ನೂ ಹುಡುಕುವುದಿಲ್ಲ, ಎಲ್ಲರಿಗೂ ಬಡಿಸುತ್ತಾನೆ. ಮಲಗಲು ಏರಿಯ ಕೆಳಗೆ ಒಂದು ಛತ್ರವಿದೆ. ಒಂದೇ ಕಟ್ಟುಪಾಡು, ನಾವೂ ನಮ್ಮ ಮೊದಲನೆಯವರೂ ಒಬ್ಬರ ಹತ್ತಿರ ಒಬ್ಬರು ಹೋಗುವ ಹಾಗಿಲ್ಲ, ನಾವು ಅವರನ್ನು ದಾಟಿ ಮೇಲಕ್ಕೂ ಹೋಗುವ ಹಾಗಿಲ್ಲ. ನನಗೆ ಗಂಡ ಇದ್ದಿದ್ದರೆ ಅವನೂ ಅವಳ ಪಾಲಿಗೇ ಹೋಗುತ್ತಿದ್ದ. ಇರಲಿಲ್ಲ, ಬಚಾವಾದೆ. ನನ್ನ ಕಸುಬು ಹೂ ಕಟ್ಟುವುದು. ಈಗಲೂ ಕಟ್ಟುತ್ತೇನೆ. ಆದರೆ ಹೂ ಬೇಕಾದವರೆಲ್ಲ ಅವಳ ಹತ್ತಿರವೇ ನಿಲ್ಲುವುದರಿಂದ, ನಾನು ಕಟ್ಟಿದ್ದನ್ನು ಛತ್ರದ ಕಂಬಕ್ಕೆ, ಬಾವಿಯ ರಾಟೆಗೆ, ಹಿತ್ತಲಿನ ಕತ್ತೆಗೆ ಸುತ್ತುತ್ತೇನೆ. ಆ ಕತ್ತೆಗೆ ಈಗ ಕನಕಾಂಬರ ಇಲ್ಲದಿದ್ದರೆ ಹುಲ್ಲು ಗಂಟಲಲ್ಲಿ ಇಳಿಯುವುದಿಲ್ಲ.

ನನ್ನ ಎಡಗಡೆ ಕೂರುವವನು ಟೈಲರ್ ಮಾಯಣ್ಣ. ಅವನೂ ಎರಡನೆಯವನೇ. ಊರಿನ ಬಟ್ಟೆಯೆಲ್ಲ ಮೊದಲನೆಯ ಮಾಯಣ್ಣನ ಹತ್ತಿರ ಗುಡ್ಡದ ಹಾಗೆ ಬಿದ್ದಿರುತ್ತದೆ. ಹಬ್ಬಕ್ಕೆ ಕೊಟ್ಟ ಕುಪ್ಪಸ ಮುಂದಿನ ಹಬ್ಬಕ್ಕೂ ಆಗುವುದಿಲ್ಲ. ಇಲ್ಲಿ ಈ ಮಾಯಣ್ಣ ಕೊರಳಿಗೆ ಟೇಪು ಹಾಕಿಕೊಂಡು ಸುಮ್ಮನೆ ಕೂತಿರುತ್ತಾನೆ. ಸುಮ್ಮನೆ ಎಂದರೆ ತಪ್ಪಾದೀತು. ಬೇರೆ ಏನೂ ಸಿಗದೆ ನನ್ನ ಎಲೆಯನ್ನು ಅಳೆಯುತ್ತಾನೆ, ಹಪ್ಪಳವನ್ನು ಅಳೆಯುತ್ತಾನೆ, ನಾನು ಆಕಳಿಸಿದರೆ ಬಾಯಿಯನ್ನೂ ಅಳೆಯಲು ಬರುತ್ತಾನೆ.

ನನ್ನ ಬಲಗಡೆ, ಸಾಲಿನ ಕಟ್ಟಕಡೆಗೆ, ಕೂರುವವನ ಕಥೆ ಇನ್ನೂ ಚೆನ್ನಾಗಿದೆ. ಅವನು ಯಜಮಾನ ಮೊಗಣ್ಣನೇ. ಎರಡನೆಯ ಮೊಗಣ್ಣ. ಆದರೆ ಅವನ ಎಲೆಯ ತುದಿ ಇವತ್ತಿಗೂ ಎಡಕ್ಕೇ ಇದೆ. ಯಾಕೆಂದರೆ ಮೊದಲನೆಯ ಮೊಗಣ್ಣ ಪರೀಕ್ಷೆಗೆ ಹೊರಟಾಗ ಸಾಲಿನಲ್ಲಿ ಅವನ ಜಾಗ ಖಾಲಿ ಇರುತ್ತದೆ. ತನ್ನ ಮುಖವನ್ನು ಸಾಲಿನಲ್ಲಿ ಒಮ್ಮೆಯೂ ನೋಡದ ಆ ಮನುಷ್ಯನಿಗೆ ಅದು ಮತ್ತೆ ಬಂದಿದೆ ಎಂದು ತಿಳಿಯುವುದಾದರೂ ಹೇಗೆ? ದಿನವೂ ಕೊನೆಗೆ ಇವನ ಮುಂದೆ ನಿಂತು, "ಯಾರೋ ಹೊಸಬರು. ಲಕ್ಷಣವಾಗಿದ್ದಾರೆ" ಎಂದು ಮೆಚ್ಚಿಕೊಂಡು ಹೋಗುತ್ತಾನೆ. ಇವನೂ ಕೈ ಮುಗಿದು, "ತಾವೂ ಹಂಗೇ ಇದ್ದೀರಿ" ಅನ್ನುತ್ತಾನೆ.

ಇದನ್ನೆಲ್ಲ ನಾನು ನಗುತ್ತಲೇ ಹೇಳಬಲ್ಲೆ. ಅವ್ವನ ಸಂಗತಿ ಮಾತ್ರ ನಗುತ್ತ ಹೇಳಲು ಬರುವುದಿಲ್ಲ.

ನಮ್ಮವ್ವ ದೇವಾಜಮ್ಮನ ಜಾಗ ಅಡುಗೆಮನೆಯ ಪಕ್ಕದಲ್ಲೇ. ಹಲ್ಲು ಹೋದ ಮೇಲೆ ಅವಳ ಊಟ ಬೇಗ ಮುಗಿಯುತ್ತದೆ. ಮುಗಿದದ್ದೇ ಎದ್ದು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಬಾಳಕ ತೆಗೆದುಕೊಂಡು ಸಾಲಿನುದ್ದಕ್ಕೆ ಮಗಳನ್ನು ಹುಡುಕುತ್ತಾ ಬರುತ್ತಾಳೆ. ಮಜ್ಜಿಗೆಯಲ್ಲಿ ನೆನೆಸಿ, ಉಪ್ಪು ಹಿಡಿಸಿ, ಬಿಸಿಲಲ್ಲಿ ಒಣಗಿಸಿ, ಎಣ್ಣೆಯಲ್ಲಿ ಕಪ್ಪಗೆ ಕರಿದ ಮೆಣಸಿನಕಾಯಿ. ಅದನ್ನು ಎಲೆಯ ಅಂಚಿಗೆ ಹಾಕಿ, ಬೆರಳ ಗಿಣ್ಣಿನಿಂದ ನೆತ್ತಿಯ ಮೇಲೆ ಒಂದು ಕುಟ್ಟಿ, "ತಿನ್ನು, ಮುಖ ನೋಡ್ಬೇಡ" ಅನ್ನುತ್ತಾಳೆ. ನನಗೆ ನೆನಪಿರುವಾಗಿನಿಂದ ಇದೇ ನಡೆದು ಬಂದಿದೆ. ನಮ್ಮವ್ವ ಮುದ್ದು ಮಾಡುವ ಪೈಕಿ ಅಲ್ಲ. ಆ ಕುಟ್ಟುವುದೇ ಅವಳ ಮುದ್ದು.

ಈಗ ಆ ಕುಟ್ಟು ಬೀಳುವುದು ಮೊದಲನೆಯ ಚಲುವಿಯ ನೆತ್ತಿಗೆ. ನಾನು ಕತ್ತು ಉದ್ದ ಮಾಡಿ ನೋಡುತ್ತೇನೆ. ಅವ್ವ ಬರುತ್ತಾಳೆ, ಬಗ್ಗುತ್ತಾಳೆ, ಕೈ ಎತ್ತುತ್ತಾಳೆ, ತಿರುಗಿ ಹೋಗುತ್ತಾಳೆ. ನನ್ನ ನೆತ್ತಿ ಬೆಚ್ಚಗಾಗಿ ಕಾದಿರುತ್ತದೆ, ಅಷ್ಟೇ. ಮೊದಮೊದಲು ಅಳು ಬರುತ್ತಿತ್ತು. ಮಾಯಣ್ಣ ಕಣ್ಣೀರಿನ ಗೆರೆಯನ್ನು ಅಳೆಯಲು ಬಂದ ಮೇಲೆ ಅಳುವುದನ್ನು ಬಿಟ್ಟೆ.

ಒಂದು ದಿನ ತಡೆಯಲಾರದೆ, "ಅವ್ವಾ!" ಎಂದು ಜೀವ ಹೋಗುವ ಹಾಗೆ ಕೂಗಿದೆ. ಅವ್ವ ತಲೆ ಎತ್ತಿದಳು. ಎತ್ತಿ, ಎದುರಿಗಿದ್ದವಳಿಗೇ, "ಯಾಕ್ ಹಂಗ್ ಅರಚ್ತೀಯ, ಇಲ್ಲೇ ಇದ್ದೀನಲ್ಲ" ಅಂದಳಂತೆ. ಹುಳಿ ಬಡಿಸಿಕೊಂಡು ಬಂದ ಬೆಟ್ಟಣ್ಣ ಹೇಳಿದ. ಅವನ ಬಾಯಲ್ಲೇ ನಾನೊಂದು ಮಾತು ಹೇಳಿಕಳಿಸಿದೆ, ಮಗಳು ಬರಹೇಳಿದ್ದಾಳೆ ಎಂದು. ಮರುದಿನ ಉತ್ತರ ಬಂತು.

"ಈಗ್ತಾನೆ ಅವಳತ್ರ ಹೋಗ್ಬಂದೆ, ಇನ್ನೆಷ್ಟ್ ಸಲ ಬರ್ಲಿ ಅಂದ್ರು ಕಣವ್ವ" ಎಂದ ಬೆಟ್ಟಣ್ಣ, ನನ್ನ ಮುಖ ನೋಡದೆ.

ಮಾಯಣ್ಣ ಉಪಾಯ ಹೇಳಿದ. "ಬೇರೆ ಸೀರೆ ಉಟ್ಕೊ ಚಲುವಕ್ಕ. ಬ್ಯಾರೆ ಥರ ಕಂಡ್ರೆ ಕಣ್ಣು ಈ ಕಡೆ ಎಳೀತದೆ." ಛತ್ರದಲ್ಲಿ ಯಾರದೋ ಪೆಟ್ಟಿಗೆಯಿಂದ ಬೆಂಕಿಯಂಥ ಕೆಂಪು ಸೀರೆ ತಂದುಕೊಟ್ಟ. ಉಟ್ಟುಕೊಂಡು ಕೂತೆ. ಅವ್ವ ದೂರದಿಂದ ಈ ಕಡೆ ದೃಷ್ಟಿ ಹಾಯಿಸಿದ್ದನ್ನು ನಾನೇ ಕಂಡೆ. ಕೂತಲ್ಲೇ ಸೆರಗು ಬೀಸಿದೆ. ಆಮೇಲೆ ಅವಳು ತಿರುಗಿಕೊಂಡು ಹೋದಳು. ಬೆಟ್ಟಣ್ಣನ ವರದಿ ಹೀಗಿತ್ತು: "ಹಿಂದ್ಗಡೆ ಕೆಂಪು ಸೀರೆ ಚೆನ್ನಾಗೈತೆ ನೋಡು, ನೀನೂ ಅಂಥದ್ದೊಂದು ತಗೊ ಅಂತ ಅವಳಿಗೆ ಹೇಳಿದ್ರು." ಮಾರನೆಯ ದಿನದಿಂದ ಅವಳೂ ಕೆಂಪು ಸೀರೆ ಉಟ್ಟಳು.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಎಲೆ ಎತ್ತುವಾಗ ಕಂಡ ಇನ್ನೊಂದು ಸಂಗತಿಯನ್ನು ಬೆಟ್ಟಣ್ಣ ಹೇಳಿದ. ಮೊದಲನೆಯ ಚಲುವಿ ಬಾಳಕವನ್ನು ತಿನ್ನದೆ ಎಲೆಯಲ್ಲೇ ಬಿಟ್ಟು ಏಳುತ್ತಾಳಂತೆ. ಒಂದು ದಿನವಲ್ಲ, ದಿನಾಲೂ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲಿ ಬಾಯಲ್ಲಿ ನೀರು ತುಂಬಿಕೊಂಡು ಕೂತಿದ್ದೇನೆ, ಆ ಕೊಬ್ಬಿದವಳು ಅವ್ವನ ಕೈಯ ಬಾಳಕವನ್ನು ದನಕ್ಕೆ ಹಾಕುತ್ತಾಳೆ! ನನ್ನನ್ನೇ ನಾನು ಹಾಗೆ ಬೈದುಕೊಂಡದ್ದು ಅದೇ ಮೊದಲು. ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನ ಗುಟ್ಟುಗಳೆಲ್ಲ ನನಗೆ ಗೊತ್ತಿದ್ದರಿಂದ ಬೈಗುಳಕ್ಕೇನೂ ಬರ ಬರಲಿಲ್ಲ.

"ಆ ಬಾಳಕಾನ ಎತ್ಕೊಂಡು ಬಂದು ನಂಗಾದ್ರೂ ಕೊಡ್ಬಾರ್ದಾ ಬೆಟ್ಟಣ್ಣ?" ಎಂದೆ.

ಅವನು ಹೌಹಾರಿದ. "ಏನಂತ ಮಾತಾಡ್ತೀಯವ್ವ! ಎಲೆಗೆ ಬಿದ್ದಿದ್ದು ಎಂಜಲು. ಇನ್ನು ಮೆಣಸಿನ್ಕಾಯಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ. ಇಡೀ ಸಾಲು ಒಟ್ಟಿಗೆ ಕುಂತು ಉಣ್ಣೋದು ಹೆಂಗೆ ನಡೀತಾ ಐತೆ ಅಂದ್ಕೊಂಡೆ?" ಅವನು ಹೇಳಿದ್ದೂ ಸರಿಯೇ. ಉಪ್ಪು, ಮೆಣಸಿನಕಾಯಿಗಳನ್ನು ಎಲೆಗೇ ಹಾಕಬೇಕು, ಕೈಗೆ ಕೊಡಬಾರದು ಎಂಬುದನ್ನು ನಮ್ಮೂರಿನ ಕೂಸು ಕೂಡ ಬಲ್ಲದು.

ಆವತ್ತು ಊಟದ ಮೇಲೆ ನಾನು ಪಕ್ಕದ ಎರಡನೆಯ ಮೊಗಣ್ಣನ ಕಡೆ ತಿರುಗಿದೆ. ಅವನ ಎಲೆಯ ತುದಿ ಎಡಕ್ಕಿತ್ತು. ಅಂದರೆ ಕಟ್ಟಳೆಯ ಪ್ರಕಾರ ಅವನು ಎರಡನೆಯವನೆಂದು ಯಾರೂ ಹೇಳಿರಲಿಲ್ಲ. ಎರಡನೆಯವನಲ್ಲದ ಮೊಗಣ್ಣನೆಂದರೆ ಸಾಲಿನ ಯಜಮಾನನೇ ಅಲ್ಲವೇ? ಈ ದಾರಿ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ ಕಾಣೆ. ಬಹುಶಃ ಕತ್ತೆಗೆ ಹೂ ಮುಡಿಸುವುದರಲ್ಲೇ ಬುದ್ಧಿ ಸವೆದಿತ್ತು.

"ಯಜಮಾನ್ರೇ" ಎಂದೆ, ಇದ್ದ ವಿನಯವನ್ನೆಲ್ಲ ಒಟ್ಟು ಮಾಡಿ. "ಒಂದು ದಿನ, ಒಂದೇ ಒಂದು ದಿನ, ಹುಡುಕೋದು ಬಡಿಸೋದು ಎಲ್ಲಾ ಈ ಬಾಲದ ಕಡೆಯಿಂದ ಶುರು ಆಗ್ಲಿ ಅಂತ ಅಪ್ಪಣೆ ಕೊಡಿ."

ಅವನು ಬಾಯಿ ಮುಕ್ಕಳಿಸಿ, ಗಂಭೀರವಾಗಿ ಯೋಚಿಸಿದ. "ನನ್ನ ಅಪ್ಪಣೆ ಯಾರು ಕೇಳ್ತಾರವ್ವ? ನಾನು ಸುಮ್ನೆ ಇಲ್ಲಿ ಕುಂತಿರೋನು."

"ಎಲೆ ನೋಡ್ಕೊಳ್ಳಿ" ಎಂದೆ.

ನೋಡಿಕೊಂಡ. ತುದಿಯನ್ನು ಬೆರಳಿನಿಂದ ಮುಟ್ಟಿದ. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಎದ್ದು ನಿಂತವನೇ ಬೀದಿ ಅದುರುವ ಹಾಗೆ ಕೂಗಿದ: "ನಾಳೆ ಬಾಲದಿಂದ!" ಅದೇ ಧ್ವನಿ, ಅದೇ ಗತ್ತು. ಸಾಲು ಆ ಮಾತನ್ನು ಬಾಯಿಂದ ಬಾಯಿಗೆ ಮೇಲಕ್ಕೆ ಸಾಗಿಸಿತು. ಅದು ಮೊದಲನೆಯ ಮೊಗಣ್ಣನ ಕಿವಿ ತಲುಪಿದಾಗ ಅವನು ತಲೆ ಕೆರೆದುಕೊಂಡು, "ಹೌದಾ? ನಾನೇ ಹೇಳಿರ್ಬೇಕು" ಅಂದನಂತೆ.

ಮರುದಿನ ನಮ್ಮ ಬಾಲಕ್ಕೆ ಊರೇ ಬಂತು. ನಾನು ಇನ್ನೂ ಕೂತಿರಲಿಲ್ಲ, ಆಗಲೇ ಹೂ ಕೊಳ್ಳುವವರು ನನ್ನನ್ನು ಮುತ್ತಿಕೊಂಡರು. ಕತ್ತೆಯ ಕೊರಳಿನದನ್ನೂ ಬಿಡಲಿಲ್ಲ. ಮಾಯಣ್ಣನ ತೊಡೆಯ ಮೇಲೆ ಕುಪ್ಪಸದ ತುಂಡುಗಳು ಸೊಂಟದವರೆಗೆ ಏರಿದವು. ಮೊದಲು ಅವನ ಮುಖ ಅರಳಿತು, ಆಮೇಲೆ ಬಾಡಿತು, ಕೊನೆಗೆ ಅವನು ಟೇಪನ್ನು ಬಾಯಿಗೆ ತುರುಕಿಕೊಂಡು, "ಉಣ್ಣಾಕೂ ಬಿಡಲ್ವಲ್ಲಪ್ಪ" ಎಂದು ಗೋಳಾಡಿದ. ಮೊದಲನೆಯ ಮೊಗಣ್ಣ ಈ ಸಲ ನಮ್ಮ ಕಡೆಯಿಂದ ಪರೀಕ್ಷೆ ಶುರುಮಾಡಿ, ಎರಡನೆಯ ಮೊಗಣ್ಣನಿಗೆ ನಮಸ್ಕಾರ ಮಾಡಿ, ನನ್ನ ಎಲೆಯ ಕಡೆ ತಿರುಗಿಯೂ ನೋಡದೆ ಮುಂದೆ ಹೋದ. ನನ್ನ ಎಲೆಯ ತುದಿ ಎಡಕ್ಕಿತ್ತು. ದೂರದಲ್ಲಿ "ಬಂದಾಗೈತೆ" ಎಂಬ ಕೂಗು ಕೇಳಿಸಿತು. ಅವಳ ಎಲೆ ತಿರುಗಿತೆಂದು ಗೊತ್ತಾಯಿತು. ಖುಷಿಯಾಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಆದರೆ ಅವ್ವ ಎಲ್ಲಿ? ಬಾಲದಿಂದ ಹುಡುಕಬೇಕಾದರೆ ಮೊದಲು ಬಾಲದವರೆಗೆ ಬರಬೇಕು. ಅವಳ ಮಂಡಿಗಳ ವಿಚಾರ ನನಗೆ ಆಗ ಹೊಳೆಯಿತು. ನೆಲ ಹಿಡಿದು ಏಳುವ ಹೆಂಗಸು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೇಗೆ ಬಂದಾಳು? ಎಲೆಗೆ ಅನ್ನ ಬಿತ್ತು, ನಾನು ಮುಟ್ಟಲಿಲ್ಲ. ಇಷ್ಟೆಲ್ಲ ಮಾಡಿಸಿ ಅವ್ವನನ್ನು ಇನ್ನೂ ದೂರ ಮಾಡಿಕೊಂಡೆನಲ್ಲ!

ಅಷ್ಟರಲ್ಲಿ ಹಿತ್ತಲ ಓಣಿಯಿಂದ ತಳ್ಳುಗಾಡಿಯ ಸದ್ದು ಬಂತು. ಬಡಿಸುವುದೂ ಬಾಲದಿಂದಲೇ ಆದದ್ದರಿಂದ ಬೆಟ್ಟಣ್ಣ ಹುಳಿಯ ಕೊಪ್ಪರಿಗೆಯನ್ನು ಗಾಡಿಯ ಮೇಲಿಟ್ಟು ತಳ್ಳಿಕೊಂಡು ಬರುತ್ತಿದ್ದ. ಕೊಪ್ಪರಿಗೆಯ ಪಕ್ಕದಲ್ಲಿ, ಅದರ ಹಿಡಿಯನ್ನು ಸೆರಗಿನಿಂದ ಹಿಡಿದುಕೊಂಡು, ಹಬೆಯಲ್ಲಿ ಬೆವೆತು, ನಮ್ಮವ್ವ ಕೂತಿದ್ದಳು. "ಮೆತ್ತಗ್ ತಳ್ಳೋ, ಹುಳಿ ತುಳುಕ್ತದೆ" ಎಂದು ಬೆಟ್ಟಣ್ಣನಿಗೆ ಬೈಯುತ್ತಿದ್ದಳು.

ಇಳಿದಳು. ಎರಡನೆಯ ಮೊಗಣ್ಣನ ಮುಖ ನೋಡಿದಳು, ಮುಂದೆ ಬಂದಳು, ನನ್ನ ಮುಖ ನೋಡಿದಳು, ನಿಂತಳು. ಗಂಟು ಬಿಚ್ಚಿದಳು. ಎಲೆಯ ಅಂಚಿಗೆ ಒಂದು ಬಾಳಕ ಹಾಕಿದಳು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಆ ಗಿಣ್ಣು ನನ್ನ ನೆತ್ತಿಯ ಮೇಲೆ ಬಿತ್ತು, ಟಕ್ ಎಂದು.

"ತಿನ್ನು, ಮುಖ ನೋಡ್ಬೇಡ."

ನಾನು ಮುಖವನ್ನೇ ನೋಡಿದೆ. "ಅವ್ವ, ಇಷ್ಟು ದಿನ ಯಾಕ್ ಬರ್ಲಿಲ್ಲ? ಅವಳು ಸಿಕ್ಕಿದ್ ಕೂಡ್ಲೇ ನಿಂತ್ಬಿಡ್ತಿದ್ದೆ. ನಾನು ಕೂಗಿದ್ರೂ ಬರ್ಲಿಲ್ಲ. ನಾನಿಲ್ಲಿದ್ದೀನಿ ಅಂತ ನಿಂಗೆ ಗೊತ್ತೇ ಆಗ್ಲಿಲ್ವಾ?"

"ಗೊತ್ತಿಲ್ದೆ ಏನು? ಹೆತ್ತೋಳಿಗೆ ಗೊತ್ತಾಗಲ್ವ?" ಅವ್ವ ನನ್ನ ಪಕ್ಕದಲ್ಲಿ ಮೆಲ್ಲಗೆ ಕೂತು, ಮಂಡಿ ನೀವಿಕೊಂಡಳು. "ಕೆಂಪು ಸೀರೆ ಉಟ್ಕೊಂಡ್ ಕುಣೀತಿದ್ಯಲ್ಲ, ಕುರುಡಿಗೂ ಕಾಣ್ತಿತ್ತು. ಅವಳು ಸಿಕ್ಕಿದ್ಳು ಅಂತ ನಿಲ್ತಿರ್ಲಿಲ್ಲ ಕಣೆ. ಮೊಗಣ್ಣನ ಕಟ್ಟಳೆಗೆ ಈ ವಯಸ್ನಲ್ಲಿ ನಾನು ಹೆದರ್ತೀನಾ? ಮಂಡಿ ಅಲ್ಲೀಗೇ ನಿಂತೋಯ್ತದೆ. ಇನ್ನೊಂದ್ ಹೆಜ್ಜೆ ಇಟ್ರೆ ವಾಪಸ್ ಹೋಗಾಕಾಗಲ್ಲ."

ನಾನು ಎಲೆಯ ಮೇಲಿನ ಬಾಳಕಗಳನ್ನು ನೋಡಿದೆ. "ಎರಡ್ಯಾಕೆ?"

"ದಿನಾ ಎರಡೇ. ಒಂದು ಅವಳ್ದು, ಒಂದು ನಿಂದು. ಅವಳ ಎಲೆ ಮೇಲೆ ಹಾಕಿ ಬರ್ತಿದ್ದೆ. ಕೈಗ್ ಕೊಡಂಗಿಲ್ಲ, ಏನ್ ಮಾಡ್ಲಿ? ನಿಂದು ಅಂತ ಹೇಳ್ತಿದ್ದೆ. ಅವಳು ಅದನ್ನ ಒಂದಿನಾನೂ ಮುಟ್ಲಿಲ್ಲ ನೋಡು. ತೊಟ್ಟು ಕೂಡ ಮುರೀಲಿಲ್ಲ. ನಂಗ್ ಹುಟ್ಟಿದ್ದು ಅಂದ್ಮೇಲೆ ಅಷ್ಟೂ ನಿಯತ್ತಿರಲ್ವಾ?" ಅವ್ವ ಬೆವರು ಒರೆಸಿಕೊಂಡಳು. "ಈಗ ಅವಳ ತನ್ಕ ನನ್ ಕೈಲಾಗಲ್ಲ. ಗಾಡೀಲೇ ವಾಪಸ್ ಹೋಗ್ತೀನಿ. ಅವಳ್ದು ನಿನ್ನ ಎಲೇಲಿರ್ಲಿ."

ಎಂಥ ಮುಂಡೇದು ನಾನು! ದಿನವೂ ಎಲೆಯಲ್ಲಿ ಉಳಿಯುತ್ತಿದ್ದ ಆ ಬಾಳಕ ನನ್ನದಾಗಿತ್ತು. ಅದನ್ನು ತಿನ್ನಲಾರದೆ, ಕಳಿಸಲಾರದೆ, ಅವಳು ಎಲೆ ಮಡಚದೆ ಏಳುತ್ತಿದ್ದಳು. ನಾನು ಇಲ್ಲಿ ಕೂತು ಅವಳ ಕೊಬ್ಬನ್ನು ಆಡಿಕೊಳ್ಳುತ್ತಿದ್ದೆ.

ಬೆಟ್ಟಣ್ಣ ಮೇಲಿನವರೆಗೆ ಬಡಿಸಿ ಬಂದು, "ಅವಳು ಉಣ್ತಾನೇ ಇಲ್ಲ ಕಣವ್ವ. ಈ ಕಡೆ ನೋಡ್ತಾ ಕುಂತವಳೆ" ಅಂದ. ಕತ್ತು ಉದ್ದ ಮಾಡಿ ನೋಡಿದೆ. ಅಷ್ಟು ದೂರದಲ್ಲಿ ಅವಳೂ ಕತ್ತು ಉದ್ದ ಮಾಡಿದ್ದಳು. ಅವಳ ನೆತ್ತಿ ಹೇಗೆ ಕಾದಿರುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾನು ಇನ್ನೊಂದು ಬಾಳಕವನ್ನು ಎತ್ತಿ ಮಾಯಣ್ಣನ ಮುಂದೆ ಹಿಡಿದೆ. "ತಗೊ. ಆ ಕಡೆ ಕೊಡು. ಚಲುವಿಗೆ ಸೇರ್ಬೇಕು ಅನ್ನು."

ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ಸರಿದ. "ಮೆಣಸಿನ್ಕಾಯಿ ಕೈಗ್ ಕೊಡ್ತೀಯಾ? ಅದೂ ಎಲೆಯಿಂದ ಎತ್ತಿ? ಜಗಳ ಆಯ್ತದೆ ಚಲುವಕ್ಕ."

"ಆಗ್ಲಿ."

"ನಮ್ಮಿಬ್ರಿಗೆ ಇದ್ವರ್ಗೂ ಒಂದ್ ಮಾತೂ ಬಂದಿಲ್ಲ."

"ಇವತ್ತು ಬರ್ಲಿ" ಎಂದು ಅವನ ಅಂಗೈ ಬಿಡಿಸಿ ಇಟ್ಟೆ.

ಇಟ್ಟದ್ದೇ ತಡ, ಅವನ ಮುಖ ಕೆಂಪಾಯಿತು. "ನಿನ್ ಆಕಳಿಕೆ ಅಳೆದೂ ಅಳೆದೂ ನನ್ ಟೇಪು ಹಿಗ್ಗೋಗೈತೆ!" ಅಂದ. "ನಿನ್ ಟೇಪಿಗೆ ಬೆಂಕಿ ಹಾಕ" ಎಂದೆ. ಸಿಟ್ಟಿನಲ್ಲೇ ಅವನು ಬಾಳಕವನ್ನು ಆಚೆಯವನ ಕೈಗೆ ತುರುಕಿದ, ಅವನಿಗೂ ಇವನಿಗೂ ಹತ್ತಿಕೊಂಡಿತು. ಆಚೆಯವನು ಅದರಾಚೆಯವಳಿಗೆ. ಹೀಗೆ ಬಾಳಕ ಮೇಲಕ್ಕೆ ಹೋದ ಹಾಗೆಲ್ಲ ಜಗಳವೂ ಹೋಯಿತು. ಯಾರೋ ಯಾರದೋ ಗೊರಕೆ ತೆಗೆದರು, ಯಾರೋ ಅತ್ತೆಯ ಕಾಲದ ಒಂದು ಒರಳುಕಲ್ಲನ್ನು ತೆಗೆದರು. ಒಬ್ಬ ಪಕ್ಕದವನ ಹಪ್ಪಳವನ್ನು ಮುಷ್ಟಿಯಲ್ಲಿ ಪುಡಿ ಮಾಡಿದ. ಆದರೆ ಒಬ್ಬರೂ ಬಾಳಕವನ್ನು ಕೆಳಗೆ ಹಾಕಲಿಲ್ಲ. ಜಗಳ ತರುವ ವಸ್ತುವನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಪಕ್ಕದವನ ಕೈಗೆ ದಾಟಿಸುವುದು ಎಲ್ಲರಿಗೂ ಇಷ್ಟವೇ. ಅವ್ವ ನನ್ನ ಪಕ್ಕದಲ್ಲಿ ಕೂತು, "ಆ ಸದ್ದು ಈಗ ದನದ ಕೊಟ್ಟಿಗೆ ಹತ್ರ. ಈಗ ನಂಜಮ್ಮನ್ ಮನೆ ಹತ್ರ" ಎಂದು ಹೇಳುತ್ತಿದ್ದಳು.

ಸದ್ದು ಒಂದು ಕಡೆ ನಿಂತಿತು. ದೂರದಲ್ಲಿ ಕೆಂಪು ಸೀರೆಯವಳು ಕೈ ಬಾಯಿಗೆ ಒಯ್ದಳು. ನಾನೂ ನನ್ನದನ್ನು ಬಾಯಿಗಿಟ್ಟೆ. ಇಬ್ಬರ ಕಣ್ಣಲ್ಲೂ ನೀರು ಬಂದಿರಬೇಕು. ಖಾರ ಹಾಗಿತ್ತು.

ಮೊದಲನೆಯವರೆಲ್ಲ ಗಲಾಟೆ ಮಾಡಿದ್ದರಿಂದ ಮರುದಿನವೇ ಎಲ್ಲವೂ ಮತ್ತೆ ತಲೆಯ ಕಡೆಯಿಂದ ಶುರುವಾಯಿತು. ನನ್ನ ಎಲೆ ಮತ್ತೆ ತಿರುಗಿತು. ಮಾಯಣ್ಣ ಟೇಪನ್ನು ಮಡಚಿಟ್ಟು, ಸುಖವಾಗಿ ಹಪ್ಪಳ ಅಳೆದ. ಹೂ ಮತ್ತೆ ಕತ್ತೆಯ ಪಾಲಾಯಿತು. ಅವ್ವ ಎದ್ದಳು, ಬಂದಳು, ಅವಳ ಎದುರು ನಿಂತಳು, ಬಗ್ಗಿದಳು, ಕುಟ್ಟಿದಳು, ತಿರುಗಿ ಹೋದಳು. ನಾನು ಅನ್ನಕ್ಕೆ ಗುಂಡಿ ಮಾಡುತ್ತಾ ತಲೆ ತಗ್ಗಿಸಿದೆ.

ಆಗ ಮೇಲುಗಡೆ ಎಲ್ಲೋ ಜಗಳ ಶುರುವಾಯಿತು.

ಅಂದಿನಿಂದ ಹೀಗೇ ನಡೆದಿದೆ. ಹುಡುಕಿಕೊಂಡು ಬರುವವರು ಈಗಲೂ ಅವಳ ಹತ್ತಿರವೇ ನಿಲ್ಲುತ್ತಾರೆ. ನನ್ನ ಪಾಲಿನ ಬಾಳಕ ಮಾತ್ರ ನಿಲ್ಲುವುದಿಲ್ಲ. ನಂಜಮ್ಮನ ಮನೆಯ ಮುಂದೆ ಕೂಗಾಟ, ಕೊಟ್ಟಿಗೆಯ ಮುಂದೆ ಕೂಗಾಟ, ಆಮೇಲೆ ಬಾವಿಯ ಹತ್ತಿರ. ಅದು ಎಲ್ಲಿಯವರೆಗೆ ಬಂತೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬಾಳಕದ ಜೊತೆಗೆ ಅವಳು ಅವ್ವನ ಕುಟ್ಟನ್ನೂ ಪಕ್ಕದವಳ ನೆತ್ತಿಗೆ ಕೊಟ್ಟು ಕಳಿಸುತ್ತಾಳೆ. ಜಗಳದಲ್ಲಿ ಕೈ ಬಿಗಿಯಾಗಿರುವುದರಿಂದ ಅದು ಒಬ್ಬರಿಂದ ಒಬ್ಬರಿಗೆ ಜೋರಾಗುತ್ತಾ ಬರುತ್ತದೆ. ಬೀಜವೆಲ್ಲ ದಾರಿಯಲ್ಲಿ ಉದುರಿ, ಉಪ್ಪು ಎಷ್ಟೋ ಬೆರಳುಗಳಿಗೆ ಅಂಟಿ, ನನಗೆ ಬಂದು ಸೇರುವ ಹೊತ್ತಿಗೆ ತೊಟ್ಟು ಮತ್ತು ಒಂದಿಷ್ಟು ಸಿಪ್ಪೆ ಉಳಿದಿರುತ್ತದೆ. ಮಾಯಣ್ಣ ಕಣ್ಣು ಕೆಕ್ಕರಿಸಿ ಅದನ್ನು ನನ್ನ ಕೈಗೆ ತುರುಕುತ್ತಾನೆ.

"ತಿನ್ನು, ಮುಖ ನೋಡ್ಬೇಡ!" ಎಂದು ಕಿರುಚಿ ನನ್ನ ನೆತ್ತಿಯ ಮೇಲೆ ಕುಟ್ಟುತ್ತಾನೆ.

ಚೆನ್ನಾಗಿ ನೋಯುತ್ತದೆ. ನಾನು ಅವನ ವಂಶವನ್ನೆಲ್ಲ ಬೈದು, ತೊಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ. ಉಪ್ಪು ಇನ್ನೂ ಇರುತ್ತದೆ.